ಭಾವನವರ ಬ್ಲಾಕು ಮತ್ತು ನಮ್ಮ ಬಟ್ಟೆ ಹಗ್ಗ

ನಮ್ಮ ಭಾವನವರಿಗೆ, ಅಂದರೆ ನಮ್ಮ ಯಜಮಾನರ ಅಣ್ಣನಿಗೆ, ದೇವರು ಎರಡು ಕೈ ಕೊಟ್ಟದ್ದು ಉಣ್ಣುವುದಕ್ಕೂ ಅಲ್ಲ, ದುಡಿಯುವುದಕ್ಕೂ ಅಲ್ಲ. ವಾಲಿಬಾಲ್ ನೆಟ್ಟಿನ ಮೇಲೆ ಎತ್ತಿ ಹಿಡಿಯುವುದಕ್ಕೆ! ಇದು ನನ್ನ ಮಾತಲ್ಲ, ಅವರೇ ಹೇಳಿಕೊಳ್ಳುತ್ತಿದ್ದದ್ದು. ನನ್ನನ್ನು ಕೇಳಿದರೆ, ಆ ಕೈಗಳನ್ನು ಮಾಡುವಾಗ ದೇವರು ಅಳತೆಪಟ್ಟಿಯನ್ನು ಎಲ್ಲೋ ಕಳೆದುಕೊಂಡಿದ್ದ. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿಯನ್ನು ಏಣಿಯಿಲ್ಲದೆ ಇಳಿಸಬಲ್ಲವರು ಇಡೀ ಮಹದೇವಪುರದಲ್ಲಿ ಅವರೊಬ್ಬರೇ. ಇಳಿಸಿದವರು ಸುಮ್ಮನೆ ಕೆಳಗಿಡುತ್ತಿದ್ದರೇ? ಎಲ್ಲಾದರೂ ಉಂಟೆ! ಹತ್ತು ಬೆರಳ ತುದಿಯಲ್ಲಿ ಒಮ್ಮೆ ಮೇಲಕ್ಕೆ ಚಿಮ್ಮಿಸಿ, ಹಿಡಿದು, ಆಮೇಲೆ ಇಡುವುದು. ಅಷ್ಟರಲ್ಲಿ ನಮ್ಮ ಅತ್ತೆಯ ಉಸಿರು ಒಮ್ಮೆ ಹೋಗಿ ಬಂದಿರುತ್ತಿತ್ತು.

ನಾನೋ ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳ ಕಣ್ಣೆದುರು, ಬಿಳಿ ಕಾಲುಚೀಲಕ್ಕೆ ಮಣ್ಣಾಗದ ಹಾಗೆ ಥ್ರೋಬಾಲ್ ಆಡಿದವಳು. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಮಹದೇವಪುರಕ್ಕೆ ಬಂದೆ. ಆಗ ರಸ್ತೆಯ ಈಚೆ ನಮ್ಮ ರಾಗಿ ಹೊಲ, ಆಚೆ ಫ್ಯಾಕ್ಟರಿಯ ಕಾಂಪೌಂಡು. ಕಾಂಪೌಂಡಿನೊಳಗಿನ ನೆಲವೂ ಒಂದು ಕಾಲಕ್ಕೆ ಊರವರ ಹೊಲವೇ. ಭಾವನವರು ಆ ಫ್ಯಾಕ್ಟರಿಯಲ್ಲೇ ವೆಲ್ಡರು.

ಬಂದ ಮರುದಿನ ಒಗೆದ ಬಟ್ಟೆ ಹರವಲು ಅಂಗಳಕ್ಕೆ ಹೋದರೆ ಹಗ್ಗವೇ ಕಾಣಲಿಲ್ಲ. ತಲೆಯೆತ್ತಿ ನೋಡಿದೆ. ಇತ್ತು, ಹೆಚ್ಚುಕಡಿಮೆ ಆಕಾಶದಲ್ಲಿ! ಎರಡು ಮೀಟರ್ ನಲವತ್ತಮೂರು ಸೆಂಟಿಮೀಟರ್. ಗಂಡಸರ ವಾಲಿಬಾಲ್ ನೆಟ್ಟಿನ ಎತ್ತರ. ಭಾವನವರು ಬೆಳಗ್ಗೆ ಸಂಜೆ ಅದರ ಕೆಳಗೆ ನಿಂತು ಎರಡೂ ಕೈಯೆತ್ತಿ ನೆಗೆಯುತ್ತಿದ್ದರು. ಅತ್ತೆ ನನ್ನ ಕೈಗೊಂದು ಉದ್ದನೆಯ ಕೋಲು ಕೊಟ್ಟರು.

"ಇನ್ನೊಸಿ ಮ್ಯಾಕೆ ಎತ್ತು ಅಮ್ಮಣ್ಣಿ. ಈ ಮನೇಲಿ ಬಟ್ಟೆ ಒಣಗಾಕೋಕೂ ಎಗರ್ಬೇಕು, ಏನ್ ಮಾಡೀಯೆ!"

ಆ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಗಂಡನ ಅಣ್ಣನ ಜೊತೆ ಸೊಸೆ ನೇರವಾಗಿ ಮಾತಾಡುವಂತಿಲ್ಲ. ಅವರೂ ಅಷ್ಟೆ. ಏನಿದ್ದರೂ ಅತ್ತೆಗೆ ಹೇಳಬೇಕು, ಅತ್ತೆ ದಾಟಿಸಬೇಕು.

"ಅವ್ವಾ, ಸಾರಿಗೆ ಉಪ್ಪು ಕಮ್ಮಿ ಅನ್ನು."

"ಉಪ್ಪು ಕಮ್ಮಿಯಂತೆ ಕಣಮ್ಮಣ್ಣಿ."

ನಾನು ಅವರ ಎಲೆಯ ಪಕ್ಕದಲ್ಲೇ ಉಪ್ಪಿನ ಡಬ್ಬಿ ಹಿಡಿದು ನಿಂತಿರುತ್ತಿದ್ದೆ! ಅತ್ತೆ ಮನೆಯಲ್ಲಿಲ್ಲದಿದ್ದರೆ ಮಾತು ನಡುಮನೆಯ ಕಂಬಕ್ಕೆ. ಆ ಕಂಬಕ್ಕೆ ಬಾಯಿದ್ದಿದ್ದರೆ ಇಷ್ಟು ಹೊತ್ತಿಗೆ ರೆಫರಿ ಪರೀಕ್ಷೆ ಪಾಸಾಗುತ್ತಿತ್ತು.

ಭಾವನವರಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಅತ್ತೆಯನ್ನು ಕೇಳಿದ್ದೆ. ಒಮ್ಮೆ ಮಾರತ್ತಹಳ್ಳಿಗೆ ಹೆಣ್ಣು ನೋಡಲು ಹೋಗಿದ್ದರಂತೆ. ಹುಡುಗಿಯ ತಮ್ಮ ಅಂಗಳದಲ್ಲಿ ಚೆಂಡು ಆಡುತ್ತಿದ್ದ. ಅವನಿಗೆ ಸರ್ವೀಸ್ ಹೊಡೆಯುವುದು ಕಲಿಸುತ್ತಾ ಸಂಜೆಯಾಯಿತು. ಮನೆಗೆ ಬಂದ ಮೇಲೆ, "ಎಂಗಿತ್ತಪ್ಪಾ?" ಎಂದು ಅತ್ತೆ ಕೇಳಿದರೆ, "ಎಡಗೈ ಬಲವಾಗೈತೆ ಅವ್ವ, ಇನ್ನೊಂದ್ ವರ್ಸಕ್ಕೆ ತಯಾರಾಯ್ತಾನೆ" ಅಂದರಂತೆ! ಹುಡುಗಿಯನ್ನು ಅವರು ನೋಡಿಯೇ ಇರಲಿಲ್ಲ.

ವಾಲಿಬಾಲಿನಲ್ಲಿ ಯಾವ ನಿಯಮ ಬದಲಾದರೂ ಅದು ಮೊದಲು ಜಾರಿಗೆ ಬರುತ್ತಿದ್ದದ್ದು ನಮ್ಮ ಅಡುಗೆಮನೆಯಲ್ಲಿ. ಒಂದು ತಂಡ ಚೆಂಡನ್ನು ಮೂರು ಸಲ ಮುಟ್ಟಬಹುದಲ್ಲ, ನೆಟ್ಟಿನ ಬಳಿ ತಡೆಯುವಾಗ, ಅಂದರೆ ಬ್ಲಾಕ್ ಮಾಡುವಾಗ, ತಗುಲಿದರೆ ಮೊದಲೆಲ್ಲ ಅದೂ ಆ ಮೂರರಲ್ಲಿ ಸೇರುತ್ತಿತ್ತು. ನಾನು ಬಂದ ಒಂದೆರಡು ವರ್ಷಕ್ಕೆ, ಮಾಂಟ್ರಿಯಲ್ ಒಲಿಂಪಿಕ್ಸ್ ಆದ ಮೇಲೆ, ಬ್ಲಾಕು ಲೆಕ್ಕಕ್ಕಿಲ್ಲ, ಆಮೇಲೂ ಮೂರು ಸಲ ಮುಟ್ಟಬಹುದು ಎಂದಾಯಿತು. ಅದೇ ಸಮಯಕ್ಕೆ ಡಾಕ್ಟರು ಭಾವನವರಿಗೆ ದಿನಕ್ಕೆ ಮೂರೇ ಲೋಟ ಕಾಫಿ ಎಂದಿದ್ದರು. ಭಾವನವರು ಬೆಳಗ್ಗೆ ಹೊಸ್ತಿಲ ಮೇಲೆ ನಿಂತೇ ಒಂದು ಲೋಟ ಕುಡಿದು ಮುಗಿಸುತ್ತಿದ್ದರು.

"ಒಂದಾಯ್ತು," ಎನ್ನುತ್ತಿದ್ದರು ಅತ್ತೆ.

"ಇಲ್ಲ ಅವ್ವ. ಬಾಗಿಲತ್ರ ಕುಡ್ದಿದ್ದು ಬ್ಲಾಕು. ಲೆಕ್ಕಕ್ಕಿಲ್ಲ. ಇನ್ನೂ ಮೂರು ಐತೆ!"

ಈ ನಿಯಮಗಳ ಪುಸ್ತಿಕೆಗಳೆಲ್ಲ ಇಂಗ್ಲಿಷಿನಲ್ಲಿ. ಓದಿ ಹೇಳುವ ಕೆಲಸ ನನ್ನದಾಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ, ಭಾವನವರು ಕಂಬದ ಆಚೆ, ನಡುವೆ ಹೂವು ಕಟ್ಟುತ್ತಾ ಅತ್ತೆ. ನಾನು ಓದಿ ಕನ್ನಡದಲ್ಲಿ ಹೇಳುವುದು, ಅದನ್ನೇ ಅತ್ತೆ ತಮ್ಮ ಕನ್ನಡದಲ್ಲಿ ಹೇಳುವುದು. ಒಂದು ದಿನ ಹೆಂಗಸರ ನೆಟ್ಟಿನ ಎತ್ತರ ಎರಡು ಮೀಟರ್ ಇಪ್ಪತ್ತನಾಲ್ಕು ಮಾತ್ರ ಎಂಬ ಸಾಲು ಕಣ್ಣಿಗೆ ಬಿತ್ತು. ಆ ಸಾಲನ್ನು ನಾನು ಸಿಸ್ಟರುಗಳು ಬೈಬಲ್ ಓದುವ ಧ್ವನಿಯಲ್ಲಿ, ನಿಧಾನವಾಗಿ, ಎರಡು ಸಲ ಓದಿದೆ!

ಭಾವನವರು ಅಂಗಳದ ಹಗ್ಗದ ಕಡೆ ನೋಡಿ, "ಅವ್ವಾ, ಬಟ್ಟೆ ಒಣಗಾಕೋರು ಎಂಗಸ್ರೇ ಅಲ್ವಾ?" ಎಂದರು. ಸಂಜೆಯೊಳಗೆ ಹಗ್ಗ ಒಂದು ಗೇಣು ಇಳಿಯಿತು. ಕೇಳಿಕೊಂಡಿದ್ದರೆ ಇಳಿಯುತ್ತಿತ್ತೆ? ನಿಯಮ ಇಳಿಸಿತು!

ಇನ್ನು ನಮ್ಮ ದೇಶದ ತಂಡ. ದೆಹಲಿಯ ಏಷ್ಯಾಡಿನಲ್ಲಿ ಚಿನ್ನ ಜಪಾನಿಗೆ ಹೋಗಿ, ನಮಗೆ ಪದಕವೇ ಕೈತಪ್ಪಿದಾಗ ಭಾವನವರು ನಮ್ಮ ಟ್ರಾನ್ಸಿಸ್ಟರಿನ ಮೇಲೆ ಮುನಿಸಿಕೊಂಡರು. ಅದು ಜಪಾನಿನದು. "ಜಪಾನ್ ರೇಡಿಯೋ ಅವ್ವ ಇದು. ನಮ್ಮೋರು ಗೆದ್ರೂ ಬಾಯಿ ಬುಡಾಕಿಲ್ಲ." ಅದನ್ನು ಗೋಡೆಗೆ ಮುಖ ಮಾಡಿ ಇಟ್ಟರು. ಅಂದಿನಿಂದ ನಾವು ವಾರ್ತೆಯನ್ನು ರೇಡಿಯೋದ ಬೆನ್ನಿನಿಂದಲೇ ಕೇಳಿದೆವು.

ಇಷ್ಟೆಲ್ಲ ಹುಚ್ಚಿದ್ದರೂ ಭಾವನವರು ಆಟದಲ್ಲಿ ಬಲ್ಲದ್ದು ಒಂದೇ ಒಂದು ವಿದ್ಯೆ: ಸರ್ವೀಸ್ ಬ್ಲಾಕ್. ಎದುರಾಳಿ ಹಿಂದಿನಿಂದ ಹೊಡೆದ ಮೊದಲ ಚೆಂಡು ನೆಟ್ಟು ದಾಟುವಷ್ಟರಲ್ಲೇ ಇವರ ಎರಡು ಕೈ ಅಲ್ಲಿ ಬಾಗಿಲಿನ ಹಾಗೆ ಮುಚ್ಚಿಕೊಂಡಿರುತ್ತಿದ್ದವು. ಚೆಂಡು ಬಂದ ದಾರಿಯಲ್ಲೇ ವಾಪಸ್! ಆಯುಧಪೂಜೆಯ ದಿನ ಫ್ಯಾಕ್ಟರಿಯಲ್ಲಿ ಮಿಷನ್ನುಗಳಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿದ ಮೇಲೆ ಊರಿಗೂ ಫ್ಯಾಕ್ಟರಿಗೂ ಪಂದ್ಯ. ಭಾವನವರ ಸಂಬಳ ಆ ಕಡೆಯದು, ಆಟ ಮಾತ್ರ ಊರಿಗೆ. ಆ ಎರಡು ಕೈಗಳಿಂದಲೇ ಊರು ವರ್ಷ ವರ್ಷ ಗೆಲ್ಲುತ್ತಿತ್ತು. ನೆಲ ಹೋದರೂ ಪಂದ್ಯ ನಮ್ಮದು ಎಂದು ಮುದುಕರು ಮೀಸೆ ತಿರುವುತ್ತಿದ್ದರು.

ಲಾಸ್ ಏಂಜಲೀಸ್ ಒಲಿಂಪಿಕ್ಸ್ ಮುಗಿದ ಮುಂದಿನ ವರ್ಷ ಹೊಸ ಪುಸ್ತಿಕೆ ಬಂತು. ಎಂದಿನಂತೆ ಬಾಗಿಲಲ್ಲಿ ನಿಂತು ಓದುತ್ತಾ ಹೋದವಳು ಒಂದು ಸಾಲಿಗೆ ಬಂದು ತಡೆದೆ. ಆಮೇಲೆ ಹೇಳಿದೆ: "ಎದುರಾಳಿಯ ಸರ್ವೀಸನ್ನು ಇನ್ನು ಮುಂದೆ ಬ್ಲಾಕ್ ಮಾಡುವ ಹಾಗಿಲ್ಲ. ಮಾಡಿದರೆ ತಪ್ಪು."

ಅತ್ತೆ ಅದನ್ನು ದಾಟಿಸಲಿಲ್ಲ. ಅವರ ಕೈಯಲ್ಲಿ ಕಟ್ಟುತ್ತಿದ್ದ ಹೂವಿನ ದಾರ ಹಾಗೇ ನಿಂತಿತ್ತು.

"ಇನ್ನೊಂದ್ ಸಲ ಓದಿ ಅನ್ನು ಅವ್ವ," ಎಂದರು ಭಾವನವರು. ಓದಿದೆ. ನಿಯಮ ಬದಲಾಗಲಿಲ್ಲ.

ಅತ್ತೆಗೆ ರೇಗಿತು. "ಆ ಒಲಿಂಪಿಕ್ಸ್ ಊರಿಗೆ ನಮ್ಮೋರು ಆಡಾಕೆ ಓಗೇ ಇಲ್ಲ ಅಂತಿದ್ಯಲ್ಲೋ. ಓಗ್ದಿರೋ ಊರಿನ ಕಾನೂನು ನಮಗ್ಯಾಕೆ? ನೀನು ತಡಿ ಮಗಾ, ನಾನಿವ್ನಿ!"

"ಅಂಗನ್ಬಾರ್ದು ಅವ್ವ. ನಮ್ಮೋರು ನಾಳೆ ಜಪಾನ್ ಎದ್ರು ಆಡೋದೂ ಇದೇ ರೂಲ್ಸಲ್ಲಿ."

ಅಂದಿನಿಂದ ಕೈ ಎತ್ತದಿರುವ ಅಭ್ಯಾಸ ಶುರುವಾಯಿತು. ನಮ್ಮ ಯಜಮಾನರು ಬಾವಿಯ ಕಡೆಯಿಂದ ಸರ್ವೀಸ್ ಹೊಡೆಯುವುದು, ಭಾವನವರು ಹಗ್ಗದ ಕೆಳಗೆ ಕೈ ಹಿಂದೆ ಕಟ್ಟಿ ನಿಲ್ಲುವುದು. ಆದರೆ ಇಷ್ಟು ವರ್ಷದ ಕೈಗಳು ಮಾತು ಕೇಳಬೇಕಲ್ಲ! ಒಂದು ದಿನ ನಾನು ಅತ್ತೆಯ ಮೊರಕ್ಕೆಂದು ಬದನೆಕಾಯಿ ಎಸೆದೆ. ಅದು ಮೊರ ತಲುಪಲಿಲ್ಲ. ನನ್ನ ಕಾಲ ಬುಡಕ್ಕೇ ವಾಪಸ್ ಬಂತು! ನಡುವೆ ಹಾದುಹೋಗುತ್ತಿದ್ದ ಭಾವನವರು ತಮ್ಮ ಕೈಗಳನ್ನು ಯಾರೋ ಬೇರೆಯವರದ್ದೆಂಬಂತೆ ನೋಡಿಕೊಂಡರು.

ಆಯುಧಪೂಜೆ ಬಂತು. ನಾನೂ ಅತ್ತೆಯೂ ಹೆಂಗಸರ ಜೊತೆ ಹುಣಸೆಮರದ ಕೆಳಗೆ ಕುಳಿತೆವು. ಭಾವನವರು ಕ್ಯಾನ್‌ವಾಸ್ ಬೂಟಿಗೆ ಸೀಮೆಸುಣ್ಣ ಬಳಿದುಕೊಂಡು ಬಂದಿದ್ದರು. ಹರಿದ ಕಡೆ ಮಾತ್ರ ಇನ್ನಷ್ಟು ದಪ್ಪಗೆ. ಅಂಪೈರ್ ಫ್ಯಾಕ್ಟರಿಯ ಸ್ಟೋರಿನ ಗುಮಾಸ್ತರು, ಹಳೆಯ ಕಾಲದ ಮನುಷ್ಯ. ಆಟ ಏನು ಆಟ ಅಂತೀರಿ! ಒಂದು ಸೆಟ್ ಅವರಿಗೆ, ಒಂದು ನಮಗೆ. ಕೊನೆಯ ಸೆಟ್ಟಿನಲ್ಲಿ ಅವರು ಹದಿನಾಲ್ಕು, ನಾವು ಹದಿಮೂರು, ಸರ್ವೀಸ್ ಅವರದು. ಇನ್ನೊಂದು ಪಾಯಿಂಟ್ ಹೋದರೆ ಪಂದ್ಯವೇ ಹೋಯಿತು. ನೆಟ್ಟಿನ ಮುಂದೆ ಭಾವನವರು, ಕೈ ಹಿಂದೆ ಕಟ್ಟಿ!

ಚೆಂಡು ಬಂತು. ಕೈಗಳು ಎದ್ದವು. ಬಾಗಿಲು ಮುಚ್ಚಿತು. ಚೆಂಡು ಆ ಕಡೆಯ ನೆಲಕ್ಕೆ ಧಪ್ಪೆಂದು ಬಿತ್ತು!

ಊರಿಗೆ ಊರೇ ಎದ್ದು ಕುಣಿಯಿತು. ಅಂಪೈರ್ ಸೀಟಿ ಊದಿ ಸರ್ವೀಸ್ ನಮಗೆ ಎಂದು ಕೈ ತೋರಿಸಿದರು. ಭಾವನವರೊಬ್ಬರೇ ಕುಣಿಯಲಿಲ್ಲ. ನೆಟ್ಟಿನ ಕೆಳಗಿನಿಂದ ಬಗ್ಗಿ ಅಂಪೈರ್ ಹತ್ತಿರ ಹೋದರು.

"ಸಾರ್, ತಪ್ಪು ನಂದು. ಹೊಸಾ ರೂಲ್ಸಲ್ಲಿ ಸರ್ವೀಸ್ ತಡಿಯಂಗಿಲ್ಲ. ಪಾಯಿಂಟ್ ಅವ್ರಿಗೆ ಕೊಡಿ."

ನಮ್ಮ ಕ್ಯಾಪ್ಟನ್, ಹಿಟ್ಟಿನ ಗಿರಣಿಯವನು, ಓಡಿ ಬಂದ. "ಅಣ್ಣೋ, ತಲೆ ಕೆಟ್ಟೈತಾ? ಅಂಪೈರ್‌ಗೇ ಗೊತ್ತಿಲ್ಲ, ಅವ್ರಿಗೂ ಗೊತ್ತಿಲ್ಲ. ಇಲ್ಲಿ ಯಾರಿಗ್ ಗೊತ್ತಣ್ಣ ಆ ರೂಲ್ಸು?"

ಭಾವನವರು ನಮ್ಮ ಕಡೆ ನೋಡಲಿಲ್ಲ. ಗದ್ದವನ್ನು ಮಾತ್ರ ಹುಣಸೆಮರದ ಕಡೆ ಎತ್ತಿದರು. "ಗೊತ್ತಿರೋರು ಅಲ್ಲಿ ಕೂತವ್ರೆ."

ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು. "ನನ್ನೇ ಕಣೆ ಅವ್ನು ಯೋಳಿದ್ದು!"

ಪಂದ್ಯ ಹೋಯಿತು. ಮುದುಕರ ಮೀಸೆ ಇಳಿಯಿತು. ಆಮೇಲೆ ಭಾವನವರನ್ನು ಆಟಕ್ಕೆ ಯಾರೂ ಕರೆಯಲಿಲ್ಲ. ಗಿರಣಿಗೆ ರಾಗಿ ಒಯ್ದರೆ, "ರೂಲ್ಸ್ ಪ್ರಕಾರ ಬೀಸ್ಲಾ, ಸುಮ್ನೆ ಬೀಸ್ಲಾ?" ಎಂದು ಆ ಕ್ಯಾಪ್ಟನ್ನೇ ಕೇಳುತ್ತಿದ್ದ. ಒಂದು ಬೆಳಿಗ್ಗೆ ಬಟ್ಟೆ ಹರವಲು ಕೋಲು ಹಿಡಿದು ಹೋದೆ. ಹಗ್ಗ ನನ್ನ ಭುಜದ ಮಟ್ಟಕ್ಕೆ ಇಳಿದಿತ್ತು. ಇಷ್ಟು ವರ್ಷ ನಾನು ಮನಸ್ಸಿನಲ್ಲೇ ಬೇಡಿಕೊಂಡದ್ದು ಅದನ್ನೇ ಅಲ್ಲವೆ? ಆದರೂ ಬಟ್ಟೆ ಹಾಕುವುದಕ್ಕೆ ಕೈ ಬರಲಿಲ್ಲ.

ಹೀಗೆ ಒಂದು ವರ್ಷ. ಮತ್ತೆ ಆಯುಧಪೂಜೆ ಹತ್ತಿರ ಬಂತು. ಸಿಯೋಲ್‌ನಲ್ಲಿ ಏಷ್ಯಾಡ್ ನಡೆಯುತ್ತಿತ್ತು. ಭಾವನವರು ಆಟದ ಸುದ್ದಿಯೇ ಬೇಡ ಎಂಬಂತೆ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಾ ಅಂಗಳದಲ್ಲಿ ಕುಳಿತಿರುತ್ತಿದ್ದರು. ವಾರ್ತೆಯ ಸಮಯಕ್ಕೆ ಸರಿಯಾಗಿ, ದಿನವೂ! ಆ ಚೈನು ಕುಡಿದಷ್ಟು ಎಣ್ಣೆಯನ್ನು ನಮ್ಮ ಬಾಣಲೆ ಕಂಡಿರಲಿಲ್ಲ. ಬೆಳಗಿನ ಇಂಗ್ಲಿಷ್ ವಾರ್ತೆ ಬಂತು. ನಾನು ಸೌಟು ಹಿಡಿದೇ ರೇಡಿಯೋದ ಬೆನ್ನಿಗೆ ಕಿವಿಯಿಟ್ಟೆ. ಓಟದ ಸುದ್ದಿ, ಚಿನ್ನದ ಸುದ್ದಿ, ಕೊನೆಗೆ ವಾಲಿಬಾಲ್. ಅತ್ತೆಗಾಗಿ ತಿರುಗಿ ನೋಡಿದೆ. ಹಾಲು ತರಲು ಹೋಗಿದ್ದರು. ಕಂಬದ ಕಡೆ ನೋಡಿದೆ. ಇಂಥ ಸುದ್ದಿಯನ್ನು ಕಂಬಕ್ಕೆ ಹೇಳುವುದಕ್ಕಾಗುತ್ತದೆಯೆ!

"ಭಾವಾ! ನಮ್ಮವರು ಗೆದ್ದರು! ಜಪಾನನ್ನ ಸೋಲಿಸಿ ಕಂಚು ಗೆದ್ದರು!"

ಎಣ್ಣೆಯ ಡಬ್ಬಿ ಉರುಳಿತು. ಭಾವನವರು ಎದ್ದು ನಿಂತು ಮೊದಲ ಬಾರಿಗೆ ನೇರವಾಗಿ ನನ್ನ ಕಡೆ ನೋಡಿದರು.

"ದಿಟವಾಗ್ಲೂನಾ ತಾಯಿ? ಆ ಜಪಾನ್ ರೇಡಿಯೋನೇ ಯೋಳ್ತಾ?"

"ಅದೇ ಹೇಳಿತು ಭಾವ!"

ಅವರು ಉರುಳಿದ ಡಬ್ಬಿಯನ್ನು ಎತ್ತಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, "ಸರ್ವೀಸ್ ತಡೀದೇನೇ ಗೆದ್ರಾ?" ಎಂದರು.

"ತಡೆಯದೇನೇ ಭಾವ. ನೀವು ಹೇಳಿದ ರೂಲ್ಸಲ್ಲೇ."

ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡರು. ಬಾಗಿಲಲ್ಲಿ ಹಾಲಿನ ಚೊಂಬು ಹಿಡಿದ ಅತ್ತೆ ನಮ್ಮಿಬ್ಬರನ್ನೂ ನೋಡುತ್ತಾ ನಿಂತಿದ್ದರು. "ನನ್ನ ಬುಟ್ಟು ಮಾತಾಡ್ಕಂಡ್ರಾ? ಸರಿ ಬುಡಿ. ಇಷ್ಟು ವರ್ಸ ದಾಟ್ಸಿ ದಾಟ್ಸಿ ನಂಗೂ ಸಾಕಾಗಿತ್ತು!" ಎಂದು ಒಳಗೆ ಹೋದರು.

ಮರುದಿನ ಬಟ್ಟೆ ಹರವಲು ಅಂಗಳಕ್ಕೆ ಬಂದರೆ ಹಗ್ಗ ಮತ್ತೆ ಕಾಣಿಸಲಿಲ್ಲ. ತಲೆಯೆತ್ತಿದೆ. ಎರಡು ಮೀಟರ್ ನಲವತ್ತಮೂರು! ನಗುತ್ತಾ ಕೋಲಿಗಾಗಿ ಹುಡುಕಿದೆ. ಕೋಲಿರಲಿಲ್ಲ. ಹಗ್ಗದ ಕೆಳಗೆ, ಚೂರುಪಾರು ಕಬ್ಬಿಣ ಬೆಸೆದು ಮಾಡಿದ ಒಂದು ಹೊಸ ಸ್ಟೂಲು ಇತ್ತು. ಅದರ ಅಂಚುಗಳನ್ನೆಲ್ಲ ಸೀರೆ ಸಿಕ್ಕಿಕೊಳ್ಳದ ಹಾಗೆ ಉಜ್ಜಿ ಉಜ್ಜಿ ನುಣುಪು ಮಾಡಿದ್ದರು.

ಹತ್ತಿ ನಿಂತೆ. ಹಗ್ಗ ಸರಿಯಾಗಿ ನನ್ನ ಕೈಗೆ ಸಿಕ್ಕಿತು.