ಶೀಟಿನ ಕೆಳಗೆ ಕೂರದ ದೇವದಾಸರು

“ಸತ್ತರೂ ನಾನು ಶೀಟಿನ ಕೆಳಗೆ ಕೂರುವವನಲ್ಲ” ಎಂದು ದೇವದಾಸರು ಘೋಷಿಸಿದಾಗ ಅವರ ಬಲಗೈಯಲ್ಲಿ ಚಹಾದ ಲೋಟವಿತ್ತು, ಎಡಗಾಲಿನ ಅಡಿಯಲ್ಲಿ ಗುಳ್ಳೆ ಎದ್ದಿತ್ತು. ಉದ್ಯಾವರದ ಮನೆಯ ಹಿತ್ತಲಿಗೆ ಅವರೇ ಆಸೆಪಟ್ಟು ಹಾಕಿಸಿದ ಸಿಮೆಂಟ್ ಇಟ್ಟಿಗೆಯ ಇಂಟರ್‌ಲಾಕ್, ಸಂಜೆ ನಾಲ್ಕು ಗಂಟೆಗೂ ದೋಸೆ ಹೊಯ್ಯುವಷ್ಟು ಕಾದಿರುತ್ತಿತ್ತು. ಅಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುವುದು ಅವರ ನಿವೃತ್ತ ಜೀವನದ ಏಕಮಾತ್ರ ಕಾರ್ಯಕ್ರಮವಾಗಿತ್ತು.

“ಕಾಪುವಿನ ಸಲಾಂಗೆ ಒಂದು ಫೋನು ಮಾಡಿದ್ರೆ ಸಾಕು. ಎರಡು ದಿನದಲ್ಲಿ ನಾಲ್ಕು ಪೈಪು ನೆಟ್ಟು ಶೀಟು ಹಾಕಿ ಕೊಡ್ತಾನೆ” ಎಂದರು ಹೆಂಡತಿ ಮನೋರಮಾ.

“ಇಪ್ಪತ್ತಾರು ವರ್ಷ ಕುವೈತಿನ ತಗಡಿನ ಶೆಡ್ಡಿನಲ್ಲಿ ಬೆಂದದ್ದು ಸಾಕಾಗಲಿಲ್ವಾ? ಅಲ್ಲಿ ದಿನಾ ನೆನೆಸಿಕೊಳ್ತಿದ್ದದ್ದು ಒಂದೇ. ಊರಿಗೆ ಹೋಗಿ ಮರದ ಕೆಳಗೆ ಕೂರಬೇಕು ಅಂತ. ಸಣ್ಣ ಮರ ಸಾಕು. ಬೇಗ ಬೆಳೆಯುವಂಥದ್ದು.”

“ಅದು ಬೆಳೆಯುವವರೆಗೆ?”

“ಬಿಸಿಲಿನಲ್ಲಿ ಕೂರ್ತೇನೆ.”

ಮನೋರಮಾ ಗುಳ್ಳೆಗೆ ಹಚ್ಚಲು ಮುಲಾಮು ತಂದಿಟ್ಟು ಒಳಗೆ ಹೋದರು.

ಹಿರಿಯಡ್ಕದಲ್ಲಿ ಕಜೆಟನ್ ಎಂಬವರ ನರ್ಸರಿಯಿತ್ತು. ಮಗಳಿಗೆ ವರ ಹುಡುಕುವವರಂತೆ ದೇವದಾಸರು ಅಲ್ಲಿ ಒಂದೊಂದು ಗಿಡದ ಕುಲಗೋತ್ರ ವಿಚಾರಿಸಿದರು. ನುಗ್ಗೆಯ ಹೆಸರು ಬಂದಾಗ ಮನೋರಮಾ ಕಂಬಳಿಹುಳ ಎಂದರು. ಬಾದಾಮಿಗೆ, ದಿನಕ್ಕೆ ಎರಡು ಬುಟ್ಟಿ ಎಲೆ ಗುಡಿಸುವವರು ಯಾರು ಎಂದರು. ಗಸಗಸೆ ಹಣ್ಣಿನ ಮರಕ್ಕೆ ಊರಿನ ಬಾವಲಿಗಳೆಲ್ಲ ನೆಂಟರಾಗಿ ಬರುತ್ತವೆ ಎಂದರು. ಕೊನೆಗೆ ಮೂಲೆಯಲ್ಲಿ ನೆಟ್ಟಗೆ ನಿಂತಿದ್ದ ಒಂದು ಗಿಡ ಕಣ್ಣಿಗೆ ಬಿತ್ತು. ಅದರ ಎಲೆಗಳು ಏಳೇಳಾಗಿ ಒಂದೇ ಕಡೆಯಿಂದ ಹೊರಟು ಬಿಚ್ಚಿದ ಕೊಡೆಯಂತೆ ಕಾಣುತ್ತಿದ್ದವು.

“ಇದು ಪಾಲೆ, ಹಾಲೆಮರ ಮಾರಾಯ್ರೆ. ಬೇಗ ಏಳ್ತದೆ. ಆದ್ರೆ ಬಿಟ್ಟರೆ ತುಂಬ ದೊಡ್ಡದಾಗ್ತದೆ” ಎಂದರು ಕಜೆಟನ್.

“ಬಿಟ್ಟರೆ ಅಲ್ವಾ? ನಾನು ಬಿಡುವುದಿಲ್ಲ, ತುದಿ ಕಡಿಯುತ್ತಾ ಇರ್ತೇನೆ” ಎಂದರು ದೇವದಾಸರು.

ಪಾಲೆ ಕಜೆಟನ್ನರ ಮಾತು ಉಳಿಸಿತು. ನಾಲ್ಕನೆಯ ಮಳೆಗಾಲಕ್ಕೆ ಕಾಂಡ ತೊಡೆಯಷ್ಟು ದಪ್ಪವಾಗಿ, ಕುರ್ಚಿಯ ಮೇಲೂ ಕುರ್ಚಿಯ ಪಕ್ಕದ ಟೀಪಾಯಿಯ ಮೇಲೂ ನೆರಳು ಬಿತ್ತು. ದೇವದಾಸರು ಆ ನೆರಳಿನಲ್ಲಿ ಕಣ್ಣು ಮುಚ್ಚಿ ಕೂತು ನಿಜವಾಗಿಯೂ ಸುಖಪಟ್ಟರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಳೆಗಾಲದ ನಡುವಿನ ಆಟಿ ತಿಂಗಳ ಅಮಾವಾಸ್ಯೆ ಹತ್ತಿರ ಬಂತು. ಅಂದು ತುಳುವರ ಮನೆಗಳಲ್ಲಿ ಬರಿ ಹೊಟ್ಟೆಗೆ ಪಾಲೆಯ ತೊಗಟೆಯ ಕಷಾಯ ಕುಡಿಯದೆ ದಿನ ಶುರುವಾಗುವುದಿಲ್ಲ. ತೊಗಟೆಗೆ ಕಬ್ಬಿಣ ತಾಗಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಅದೂ ಸೂರ್ಯ ಹುಟ್ಟುವ ಮೊದಲು, ಯಾರ ಕಣ್ಣಿಗೂ ಬೀಳದೆ. ಊರಿನ ಗುಡ್ಡೆಯಲ್ಲಿದ್ದ ಹಳೆಯ ಪಾಲೆ ಮರ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಈ ಸಲ ತೊಗಟೆಗೆ ಎಲ್ಲಿಗೆ ಹೋಗುವುದೆಂದು ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಚರ್ಚೆ ನಡೆದಿತ್ತು. ದೇವದಾಸರ ಹೆಬ್ಬೆರಳು ತುರಿಸಿತು.

“ಯಾರೂ ಚಿಂತೆ ಮಾಡಬೇಡಿ. ನಮ್ಮ ಹಿತ್ತಲಿಗೆ ಬನ್ನಿ, ಗೇಟು ತೆರೆದೇ ಇರುತ್ತದೆ. ಶೀಟಿನಿಂದ ಕಷಾಯ ಸಿಗುವುದಿಲ್ಲ” ಎಂದು ಬರೆದರು.

ಓದಿದ ಮನೋರಮಾ, “ಎಳೆ ಮರ. ಎಲ್ಲರೂ ಬಂದ್ರೆ ಎಂತ ಮಾಡ್ತೀರಿ?” ಎಂದರು.

“ಎಷ್ಟು ಜನ ಬಂದಾರು? ಒಬ್ಬೊಬ್ಬರಿಗೆ ಬೆರಳುದ್ದ ತೊಗಟೆ ಸಾಕು. ಮದ್ದಿಗೆ ಬಂದವರನ್ನು ಬೇಡ ಅನ್ನಲಿಕ್ಕೆ ಉಂಟಾ?”

ಅಮಾವಾಸ್ಯೆಯ ಮುಂಜಾವು ಜಡಿಮಳೆಯ ನಡುವೆ ಟಕ್ ಟಕ್ ಎಂದು ಕಲ್ಲಿನ ಸದ್ದು ಕೇಳಿತು. ಬಂದವರನ್ನು ನೋಡಬಾರದೆಂಬ ಕ್ರಮವಿದ್ದುದರಿಂದ ದೇವದಾಸರು ಕಿಟಕಿ ಮುಚ್ಚಿ, ಮಂಚದಲ್ಲಿ ಕೂತು, ಒಂದೊಂದು ಸದ್ದನ್ನೂ ಸನ್ಮಾನದ ಚಪ್ಪಾಳೆಯಂತೆ ಸ್ವೀಕರಿಸಿದರು.

“ಸಾಕು, ಎದ್ದು ಹೋಗಿ ನೋಡಿ” ಎಂದರು ಮನೋರಮಾ.

“ಕ್ರಮ ತಪ್ಪಬಾರದು.”

ಬೆಳಕು ಹರಿದ ಮೇಲೆ ಹೋಗಿ ನೋಡಿದರೆ, ಬುಡಕ್ಕಿಂತ ಸ್ವಲ್ಪ ಮೇಲಿನಿಂದ ಆಳೆತ್ತರದವರೆಗೆ ಮರದ ಮೈಮೇಲೆ ತೊಗಟೆಯೇ ಇರಲಿಲ್ಲ. ಸುಲಿದ ಬಾಳೆದಿಂಡಿನ ಹಾಗೆ ಬೆಳ್ಳಗೆ ನಿಂತಿತ್ತು. ಬಂದವರಲ್ಲಿ ಯಾರದೂ ತಪ್ಪಿಲ್ಲ. ಎಲ್ಲರೂ ಬೆರಳುದ್ದವೇ ತೆಗೆದಿದ್ದರು. ಬೆರಳುಗಳು ಮಾತ್ರ ನೂರಿಪ್ಪತ್ತು ಇದ್ದವು.

ಮರದ ಯಜಮಾನರಿಗೆ ಕೊಡದೆ ಕುಡಿಯುವುದುಂಟೇ? ಎಂಟು ಗಂಟೆಯೊಳಗೆ ಒಂಬತ್ತು ಮನೆಗಳಿಂದ ಕಷಾಯದ ಬಾಟಲಿಗಳು ಬಂದವು. ದೇವದಾಸರು ಮೂರು ಲೋಟ ಕುಡಿದರು. ಬಾಯಿ ಅದಕ್ಕಿಂತ ಮೊದಲೇ ಕಹಿಯಾಗಿತ್ತು. ಮನೋರಮಾ ಮೆಂತೆ ಗಂಜಿಯ ಬಟ್ಟಲು ಮುಂದಿಟ್ಟು, ಬೈಯದೆ ಬೆನ್ನು ಸವರಿದರು.

ಮರಕ್ಕೆ ಸೆಗಣಿ ಮೆತ್ತಿದರು, ಮಣ್ಣು ಮೆತ್ತಿದರು, ಗೋಣಿ ಸುತ್ತಿದರು. ದೀಪಾವಳಿಗೆ ಎಲೆ ಹಳದಿಯಾಯಿತು, ಜನವರಿಗೆ ಕೊಂಬೆಗಳಷ್ಟೇ ಉಳಿದವು. ಮನೋರಮಾ ಗಂಡನನ್ನು ಕೇಳದೆಯೇ ಸಲಾಂನನ್ನು ಕರೆಸಿ ಹಿತ್ತಲಿನ ಅರ್ಧಕ್ಕೆ ಶೀಟು ಹಾಕಿಸಿದರು.

“ಆ ಕಡೆಗೂ ಎಳೆದುಬಿಡ್ಲಾ ದೇವಣ್ಣ? ನಾಲ್ಕೇ ಅಡಿ” ಎಂದ ಸಲಾಂ.

“ನಾಲ್ಕು ಇಂಚೂ ಬೇಡ.”

ಅಂದಿನಿಂದ ಸಂಜೆ ನಾಲ್ಕಕ್ಕೆ ಮನೋರಮಾ ಶೀಟಿನ ಕೆಳಗೆ, ದೇವದಾಸರು ಒಣಮರದ ಕೆಳಗೆ ತಲೆಗೆ ಮೈ ಒರೆಸುವ ಬೈರಾಸು ಸುತ್ತಿಕೊಂಡು ಚಹಾ ಕುಡಿಯತೊಡಗಿದರು. ಕೊಂಬೆಯ ನೆರಳು ಮೂಗಿನ ಮೇಲೆ ಗೆರೆಯಷ್ಟು ಬೀಳುತ್ತಿತ್ತು.

“ಹೇಗುಂಟು ನೆರಳು?”

“ಒಳ್ಳೆದುಂಟು. ಗಾಳಿಯೂ ಉಂಟು.”

ಮಾರ್ಚಿನಲ್ಲಿ ಒಂದು ದಿನ ಅಕಾಲದ ಮಳೆ ಬಿತ್ತು. ವಾರದೊಳಗೆ ಪಾಲೆಯ ಬುಡದಲ್ಲಿ ಹೆಬ್ಬೆರಳುದ್ದದ ಚಿಗುರು ಕಂಡಿತು. ಏಳು ಎಲೆ, ಪುಟ್ಟ ಕೊಡೆ. ದೇವದಾಸರು ಕುರ್ಚಿ ಬಿಟ್ಟು ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಕೂಡಲೇ ಕಜೆಟನ್‌ಗೆ ಫೋನು ಮಾಡಿದರು.

“ಇಂಟರ್‌ಲಾಕಿನ ಕಾವಿಗೆ ಅದು ಮೂರು ದಿನವೂ ಬಾಳುವುದಿಲ್ಲ ಮಾರಾಯ್ರೆ. ಮಧ್ಯಾಹ್ನದ ಮೇಲೆ ಎಂತಾದರೂ ನೆರಳು ಮಾಡಿ” ಎಂದರು ಅವರು.

ಕೊಡೆ ಕಟ್ಟಿದರು, ಕಡಲಗಾಳಿಗೆ ಪಕ್ಕದ ಮನೆ ಸೇರಿತು. ಬೈರಾಸು ಕಟ್ಟಿದರು, ಅದೂ ಹಿಂದೆಯೇ ಹೋಯಿತು. ಎರಡನೆಯ ದಿನ ಚಿಗುರಿನ ಒಂದು ಎಲೆ ಮುದುಡಿತು. ಸಂಜೆ ನಾಲ್ಕಕ್ಕೆ ದೇವದಾಸರು ಲೋಟ ಕೆಳಗಿಟ್ಟು ಕೆಮ್ಮಿದರು.

“ಮನೋರಮಾ, ಸಲಾಂನ ನಂಬರ್ ಉಂಟಾ?”

“ಎಂತಕ್ಕೆ?”

“ಶೀಟು ಈ ಕಡೆಗೆ ನಾಲ್ಕಡಿ ಎಳೆಯಬೇಕು. ನನಗಲ್ಲ, ಮರಕ್ಕೆ.”

ಮನೋರಮಾ ನಗಲಿಲ್ಲ. ಫೋನು ಕೈಗೆತ್ತಿಕೊಂಡು, “ಎಳೆಸುವ. ಆದ್ರೆ ನೀವೂ ಅದರ ಕೆಳಗೇ ಕೂರಬೇಕು” ಎಂದರು.

“ಯಾಕೆ?”

“ಕಾವಲಿಗೆ. ಆಟಿಗೆ ಇನ್ನು ನಾಲ್ಕೇ ತಿಂಗಳು. ನೀವು ಕರೆದವರಿಗೆಲ್ಲ ಈಗ ಗೇಟು ಗೊತ್ತುಂಟು.”

ಮರುದಿನ ಸಂಜೆ ನಾಲ್ಕಕ್ಕೆ ಉದ್ಯಾವರದ ದೇವದಾಸರು ಶೀಟಿನ ಕೆಳಗೆ ಕೂತರು. ಕುರ್ಚಿಯನ್ನು ಮಾತ್ರ ಚಿಗುರಿನ ಕಡೆಗೆ ತಿರುಗಿಸಿಕೊಂಡಿದ್ದರು.

“ನಾನು ಕೂತದ್ದು ಶೀಟಿನ ಕೆಳಗಲ್ಲ, ಮರದ ಪಕ್ಕ” ಎಂದರು.

“ಹೌದು. ಚಹಾ ತಣಿಯುತ್ತದೆ, ಕುಡಿಯಿರಿ” ಎಂದರು ಮನೋರಮಾ. “ಮತ್ತೆ ಆ ಫೋನು ಇಲ್ಲಿ ಕೊಡಿ. ಚಿಗುರಿನ ಫೋಟೋ ಗ್ರೂಪಿಗೆ ಹೋಗುವ ಮೊದಲು.”