ಟಯರಿಗೆ ಎರೆದ ಹಾಲು

ಸಂದೇಹ ಪಡುವುದು ಒಳ್ಳೆಯ ಗುಣ ಎಂದು ನಾನು ಯಾವ ವೇದಿಕೆಯ ಮೇಲಾದರೂ ವಾದಿಸಬಲ್ಲೆ. ಕೆಟ್ಟ ಗುಣ ಎಂದೂ ವಾದಿಸಬಲ್ಲೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿ, ಪರವೋ ವಿರೋಧವೋ ಎಂದು ತಿಳಿದ ಮೇಲೆಯೇ ನನ್ನ ಅಭಿಪ್ರಾಯ ಏನೆಂದು ನನಗೇ ಗೊತ್ತಾಗುತ್ತಿತ್ತು. ಹೀಗೆ ಗೆದ್ದ ಕಪ್ಪುಗಳು ತಾಳಗುಂದದ ನಮ್ಮ ಮನೆಯ ಶೋಕೇಸಿನಲ್ಲಿವೆ. ಒಂದರಲ್ಲಿ ಅಮ್ಮ ಸೇಫ್ಟಿ ಪಿನ್ನು ಹಾಕಿಡುತ್ತಾಳೆ. ನಮ್ಮೂರಿನ ಹಳೆಯ ಶಾಸನವನ್ನು ಹೊರಗಿನವರು ಬಂದು ಕೈಮುಗಿದು ನೋಡುತ್ತಾರೆ. ನಾನು ಮಾತ್ರ, ಅದರಲ್ಲಿ ಹೊಗಳಿಸಿಕೊಂಡವರೇ ಅಲ್ಲವೇ ಕೆತ್ತುವವನಿಗೆ ಕೂಲಿ ಕೊಟ್ಟಿದ್ದು ಎಂದು ಕೇಳಿ ಶಾಲೆಯಲ್ಲಿ ಮೇಷ್ಟರ ಕಣ್ಣು ಕೆಂಪಾಗಿಸಿದವಳು. ಇನ್ನು ನಾಗರ ಪಂಚಮಿ ಬಂತೆಂದರೆ ನನಗೆ ಹಬ್ಬವೋ ಹಬ್ಬ. ಅಜ್ಜಿ ಹುತ್ತಕ್ಕೆ ಹಾಲೆರೆಯುವಾಗ ಪಕ್ಕದಲ್ಲಿ ನಿಂತು, ಹಾವು ಹಾಲು ಕುಡಿಯುವುದಿಲ್ಲ, ಹಾಲೆಲ್ಲ ಮಣ್ಣಿಗೇ ಹೋಗುತ್ತದೆ, ಕುಡಿದಿದ್ದಕ್ಕೆ ಸಾಕ್ಷಿ ಎಲ್ಲಿ ಎಂದು ಭಾಷಣ ಮಾಡುವುದು ನನ್ನ ವಾರ್ಷಿಕ ಕಾರ್ಯಕ್ರಮ. ಅಜ್ಜಿಯ ಉತ್ತರವೂ ವರ್ಷವರ್ಷ ಒಂದೇ: "ಪಕ್ಕಕ್ಕೆ ಸರಿ ಪುಟ್ಟಿ, ನೆರಳು ಬೀಳ್ತೈತಿ."

ಇಂಥ ನಾನು ಒಂದು ಮೌಂಟೇನ್ ಬೈಕು ಕೊಂಡೆ. ಹೊಲದ ಬದು, ಕೆರೆ ಏರಿ, ಜಲ್ಲಿ ರಸ್ತೆ ಎಲ್ಲದರ ಮೇಲೂ ಓಡುವ ದಪ್ಪ ಚಕ್ರದ ಸೈಕಲ್ಲು. ನಮ್ಮ ಕಡೆ ಜಾಲಿ ಮುಳ್ಳಿಗೆ ಬರವಿಲ್ಲದ ಕಾರಣ ಟ್ಯೂಬ್‌ಲೆಸ್ ಟಯರನ್ನೇ ಆರಿಸಿಕೊಂಡೆ. ಅದರೊಳಗೆ ಟ್ಯೂಬ್ ಇರುವುದಿಲ್ಲ. ಬದಲಿಗೆ ಹಾಲಿನಂಥ ಬಿಳಿ ದ್ರವ ಹುಯ್ದು, ಚಕ್ರ ತಿರುಗಿಸಿ, ಒಳಗೆಲ್ಲ ಹರಡಬೇಕು. ಮುಳ್ಳು ಚುಚ್ಚಿದರೆ ಅದು ತೂತಿನ ಬಳಿಗೆ ತಾನೇ ಹೋಗಿ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ನಾನು ಈ ದ್ರವ ಹುಯ್ಯುತ್ತಿದ್ದಾಗ ಅಜ್ಜಿ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅದೇನೇ, ಟಯರಿಗೆ ಹಾಲು ಹುಯ್ತೀ?"

"ಹಾಲಲ್ಲಜ್ಜಿ, ಔಷಧಿ. ಮುಳ್ಳು ಚುಚ್ಚಿದ್ರೆ ಕಾಪಾಡುತ್ತೆ."

"ಒಳಗೆ ಹೋಗಿ ಕೆಲಸ ಮಾಡೋದು ನೀ ನೋಡೀಯೇನು?"

"ಒಳಗೆ ಹೆಂಗೆ ಕಾಣುತ್ತೆ?"

"ಮತ್ತೆ ಹೆಂಗ ನಂಬಿದಿ?"

ಸಾಕ್ಷಿ ಕೇಳುವುದು ನನ್ನೊಬ್ಬಳ ಹಕ್ಕು ಅಂದುಕೊಂಡಿದ್ದೆ. ಅದು ನಿಜವಾಗಿಯೂ ಮನೆತನದ್ದೇ ಎಂದು ಆಗ ತಿಳಿಯಿತು.

ಅವಳ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹಾಲು ನಿಜವಾಗಿಯೂ ಹರಡಿದೆಯೋ, ಒಂದೇ ಕಡೆ ಹೆಪ್ಪುಗಟ್ಟಿದೆಯೋ? ನೋಡಿಯೇ ಬಿಡೋಣ ಎಂದು ಗಾಳಿ ಬಿಟ್ಟು ಟಯರಿನ ಅಂಚು ಎಬ್ಬಿಸಿದೆ. ಹರಡಿತ್ತು. ಆದರೆ ಈ ಟಯರಿನ ಅಂಚು ಮತ್ತೆ ರಿಮ್ಮಿಗೆ ಕಚ್ಚಿಕೊಳ್ಳಬೇಕಾದರೆ ಒಮ್ಮೆಲೇ ಭರ್ರೆಂದು ಗಾಳಿ ನುಗ್ಗಬೇಕು. ಕೈಪಂಪಿನಲ್ಲಿ ನಾನು ಹೊಡೆದ ಗಾಳಿ ಈ ಕಡೆ ಹೋಗಿ ಆ ಕಡೆ ಬಂತು. ಸೋಪಿನ ನೀರು ಸವರಿದೆ. ಗುಳ್ಳೆ ಬಂತು, ಅಷ್ಟೇ. ಕಡೆಗೆ ಅಪ್ಪ ಲಗೇಜ್ ಆಟೊದಲ್ಲಿ ಸೈಕಲ್ ಹೇರಿಕೊಂಡು ಶಿರಾಳಕೊಪ್ಪದ ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಒಯ್ಯಬೇಕಾಯಿತು. ಡಣ್ ಎಂದು ಟಯರು ಕೂತಿತು. ಮರುವಾರ ನನಗೆ ಮತ್ತೆ ಸಂದೇಹ ಬಂತು. ಮತ್ತೆ ಬಿಚ್ಚಿದೆ. ಮತ್ತೆ ಆಟೊ. ಅದರಾಚೆ ವಾರವೂ ಅದೇ ಕಥೆ. ಆಗ ಅಪ್ಪ, ಕೊಟ್ಟಿಗೆಯ ಕುರಿಗಳಿಗೆ ಹೇಳುವಷ್ಟೇ ತಣ್ಣಗೆ ಹೇಳಿದ: "ಇನ್ನೊಂದ್ ಸಲ ಈ ಸೈಕಲ್ ಸಲುವಾಗಿ ನನ್ನ ಕರೆದ್ರೆ, ಸೀದಾ ಅಟ್ಟಕ್ಕೆ ಹಾಕ್ತೀನಿ." ನಮ್ಮ ಅಟ್ಟಕ್ಕೆ ಏರಿದ ಯಾವ ವಸ್ತುವೂ ಇಳಿದ ದಾಖಲೆ ಇಲ್ಲ.

ಪಂಚಮಿಗೆ ಕೆಲವು ದಿನ ಇತ್ತು. ಸೊರಬ ತಾಲ್ಲೂಕಿನ ಹೊಸಬಾಳೆಗೆ ಕೊಟ್ಟ ನಮ್ಮತ್ತೆಯ ಮನೆಯಲ್ಲಿ ಎಮ್ಮೆ ಕರು ಹಾಕುವ ಹೊತ್ತು; ಈ ಸಲ ಅವಳು ತವರಿಗೆ ಬರುವಂತಿರಲಿಲ್ಲ. ಹಬ್ಬದ ಉಂಡೆ ಕಳಿಸಬೇಕಿತ್ತು. ನಾನು ಸೈಕಲ್ಲಿನಲ್ಲೇ ಒಯ್ಯುತ್ತೇನೆ ಎಂದೆ. ಅಪ್ಪ ಅಟ್ಟದ ಕಡೆ ನೋಡಿದ. ಅಜ್ಜಿ ನಡುವೆ ಬಂದಳು.

"ನಾ ಒಂದ್ ಮಾತು ಹೇಳ್ತೀನಿ. ಪುಟ್ಟಿ ಟಯರ್ ಬಿಚ್ಚಂಗಿಲ್ಲ. ನಂಬಿ ಹೋಗಿ ಬರಲಿ. ನಿನ್ನ ಕರೆಸಿಕೊಳ್ಳದೆ ಬಂದ್ಲು ಅಂದ್ರ ಸೈಕಲ್ ಅಂಗಳದಾಗೇ ಇರ್ಲಿ. ಆದ್ರ ಅವಳ ಹಾಲು ಕೆಲಸ ಮಾಡ್ತು ಅಂದ್ರ, ಪಂಚಮಿ ದಿನ ನನ್ನ ಹಾಲಿನ ಮುಂದ ಇವಳು ಪಿಟಕ್ ಅನ್ನಂಗಿಲ್ಲ."

ಸೈಕಲ್ ಉಳಿಯುವ ಖುಷಿಯಲ್ಲಿ ಒಪ್ಪಿಕೊಂಡೆ. ಷರತ್ತನ್ನು ಎರಡು ಸಲ ಓದದೆ ವೇದಿಕೆ ಹತ್ತಬಾರದು ಎಂದು ಜೂನಿಯರುಗಳಿಗೆ ಪಾಠ ಹೇಳಿದವಳು ನಾನು.

ಹೊರಡುವ ಬೆಳಗ್ಗೆ ಇನ್ನೊಂದು ಸಣ್ಣ ಘಟನೆ ನಡೆದಿತ್ತು, ನನಗೆ ಗೊತ್ತಿರಲಿಲ್ಲ. ಸೈಕಲ್ಲಿನ ಚಕ್ರದ ನಡುವೆ ತಟ್ಟೆಯಂಥ ಡಿಸ್ಕ್ ಇರುತ್ತದೆ, ಬ್ರೇಕಿನ ಪ್ಯಾಡ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಹಿಂದಿನ ಚಕ್ರದ್ದು ಕೆಲವು ದಿನಗಳಿಂದ ಕಿರುಗುಟ್ಟುತ್ತಿತ್ತು. ಅಜ್ಜಿಯ ಲೋಕದಲ್ಲಿ ಕಿರುಗುಟ್ಟುವುದಕ್ಕೆಲ್ಲ ಮದ್ದು ಒಂದೇ, ಕೊಬ್ಬರಿ ಎಣ್ಣೆ. ಬಾಗಿಲಿಗೆ, ತೊಟ್ಟಿಲಿಗೆ, ಹೊಲಿಗೆ ಮಿಷನ್ನಿಗೆ, ನನ್ನ ತಲೆಗೆ. ಮೊಮ್ಮಗಳು ದೂರ ಹೋಗುತ್ತಾಳೆಂಬ ಅಕ್ಕರೆಯಿಂದ ಡಿಸ್ಕಿಗೆ ನಾಲ್ಕು ಹನಿ ಬಿಟ್ಟಿದ್ದಳು. ಮುಂದಿನ ಬ್ರೇಕು ಕಿರುಗುಟ್ಟುತ್ತಿರಲಿಲ್ಲ. ಹಾಗಾಗಿ ಈ ಪ್ರಬಂಧ ಬರೆಯಲು ನಾನು ಉಳಿದಿದ್ದೇನೆ.

ಶಿರಾಳಕೊಪ್ಪ ದಾಟಿ ಸೊರಬದ ದಾರಿ ಹಿಡಿದಿದ್ದೆ. ಯಾರೋ ಬೇಲಿ ಸವರಿ ಮುಳ್ಳನ್ನು ರಸ್ತೆಯಂಚಿಗೆ ಎಳೆದು ಹಾಕಿದ್ದರು. ಸುಂಯ್ ಎಂಬ ಸದ್ದು ಬಂತು. ಮುಂದಿನ ಗಾಲಿಯಿಂದ ಬಿಳಿ ಹನಿಗಳು ಚಿಮ್ಮಿದವು. ಕೈ ತಾನಾಗಿಯೇ ಫೋನಿಗೆ ಹೋಯಿತು. ಅಟ್ಟ ಕಣ್ಣ ಮುಂದೆ ಬಂತು. ಫೋನು ಒಳಗಿಟ್ಟು, ಒಳಗಿನ ಹಾಲು ತೂತಿನ ಮೇಲೆ ನಿಲ್ಲಲಿ ಎಂದು ಆ ಭಾಗವನ್ನು ನೆಲದ ಕಡೆ ತಿರುಗಿಸಿ, ಸದ್ದು ಕಡಿಮೆಯಾಗುತ್ತಿದೆಯೇ ಎಂದು ಆಲಿಸಲು ಕಣ್ಣು ಮುಚ್ಚಿ ಚಕ್ರದ ಮುಂದೆ ಕೂತೆ. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಗಂಡ ಹೆಂಡತಿ ಬಂದರು.

"ನೋಡ್ರಿ ಇಲ್ಲಿ, ಸೈಕಲ್ ಹಾಲು ಕೊಡ್ತೈತಿ," ಎಂದಳು ಹೆಂಡತಿ.

"ಹೊತ್ತಿಗೆ ಎಷ್ಟು ಕೊಡ್ತೈತಿ ತಂಗೀ?" ಎಂದ ಗಂಡ.

"ಸ್ವಲ್ಪ ಸುಮ್ನಿರ್ರಿ ಅಣ್ಣಾ," ಎಂದೆ ನಾನು, ಕಣ್ಣು ತೆರೆಯದೆ.

ಅವಳು ದನಿ ತಗ್ಗಿಸಿದಳು. "ಬರ್ರಿ ಈ ಕಡೆ. ಪಾಪ, ಬೇಡ್ಕೊಳಾಕತ್ಯಾಳ."

ನಾನು ಬೇಡಿಕೊಳ್ಳುತ್ತಿಲ್ಲ ಎಂದು ವಾದಿಸಲು ಬಾಯಿ ತೆರೆದೆ. ಅದೇ ಕ್ಷಣ ಸುಂಯ್ ನಿಂತಿತು. ಟಯರು ಗಟ್ಟಿಯಾಗಿತ್ತು. ಹೇಗೆ ಮುಚ್ಚಿಕೊಂಡಿದೆ ನೋಡೋಣ ಎಂದು ಉಗುರಿನಿಂದ ಕೆರೆಯುವ ಆಸೆ ಎಷ್ಟಿತ್ತೆಂದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕಾಯಿತು. ಅಲ್ಲಿಯೇ, ಕುರಿಗಳ ನಡುವೆ ನಿಂತು, ಅಜ್ಜಿಯ ಷರತ್ತು ಅರ್ಥವಾಯಿತು. ಹಾಲು ಸೋತರೆ ಸೈಕಲ್ ಅಟ್ಟಕ್ಕೆ, ಗೆದ್ದರೆ ನನ್ನ ಬಾಯಿ ಅಟ್ಟಕ್ಕೆ. ಪರ, ವಿರೋಧ ಎರಡು ಚೀಟಿಯನ್ನೂ ಅವಳೇ ಎತ್ತಿಕೊಂಡಿದ್ದಳು.

ಹೊಸಬಾಳೆಯ ಇಳಿಜಾರಿನಲ್ಲಿ ಹಿಂದಿನ ಬ್ರೇಕು ಹಿಡಿದರೆ ಬೆಣ್ಣೆ ಹಿಡಿದಂತಾಯಿತು. ಮುಂದಿನದನ್ನು ಮೆಲ್ಲಗೆ ಒತ್ತುತ್ತ, ಚಪ್ಪಲಿ ಉಜ್ಜುತ್ತ, ಅತ್ತೆಯ ಮನೆ ದಾಟಿ ಗೊಬ್ಬರದ ಗುಂಡಿಯ ತನಕ ಹೋಗಿ ನಿಂತೆ.

"ಎಂತ ಮಾರಾಯ್ತಿ," ಎಂದು ಅತ್ತೆ ಓಡಿ ಬಂದಳು, "ನಾನಿಲ್ಲಿ ಬಾಗಿಲಲ್ಲಿ ನಿಂತ್ರೆ ನೀನು ಟಾಟಾ ಮಾಡ್ತಾ ಹೋಗದಾ?"

ಉಂಡೆಗಳು ಪುಡಿಯಾಗಿದ್ದವು. ಅತ್ತೆ ಅದಕ್ಕೆ ತುಪ್ಪ ಹಾಕಿ ಮತ್ತೆ ಕಟ್ಟಿದಳು. ಮರಳುವ ಮುನ್ನ ಡಿಸ್ಕನ್ನು ಸೋಪಿನಲ್ಲಿ ತಿಕ್ಕಿ ತೊಳೆದೆ. ಬ್ರೇಕು ಅಷ್ಟಿಷ್ಟು ಹಿಡಿಯಿತು, ಇಳಿಜಾರುಗಳಲ್ಲಿ ತಳ್ಳಿಕೊಂಡೇ ಬಂದೆ. ಎಣ್ಣೆ ಕುಡಿದ ಪ್ಯಾಡುಗಳನ್ನು ಮನೆಗೆ ಬಂದು, ಜಿಡ್ಡು ಹೋಗಲಿ ಎಂದು ರೊಟ್ಟಿ ಹಂಚಿನ ಮೇಲೆ ಸುಟ್ಟೆ. ಅಮ್ಮ ಆ ಹಂಚನ್ನು ನನಗೇ ದಾನ ಮಾಡಿ ಬೇರೆ ತಂದಳು. ಎಣ್ಣೆಯ ವಿಷಯಕ್ಕೆ ಜಗಳ ತೆಗೆದರೆ ಅಜ್ಜಿ, "ಕಿರುಗುಟ್ಟಿತೇನು?" ಎಂದಳು. ಕಿರುಗುಟ್ಟಿರಲಿಲ್ಲ.

ಸೈಕಲ್ ಅಂಗಳದಲ್ಲೇ ಉಳಿಯಿತು. ಪಂಚಮಿಯ ದಿನ ಜೋಳದ ಹೊಲದ ಬದುವಿನ ಹುತ್ತದ ಮುಂದೆ ಓಣಿಯ ಹೆಂಗಸರೆಲ್ಲ ಸೇರಿದ್ದರು. ನನ್ನ ಬಳಿ ಪೂರ್ತಿ ಖಂಡನೆ ಸಿದ್ಧವಿತ್ತು. ಟಯರಿನ ಹಾಲು ಗಟ್ಟಿಯಾಗುವುದಕ್ಕೆ ಕಾರಣ ಇದೆ, ಹುತ್ತಕ್ಕೆ ಪಂಕ್ಚರ್ ಆಗಿಲ್ಲ, ಎರಡಕ್ಕೂ ಹೋಲಿಕೆಯೇ ಸಲ್ಲದು. ಒಳ್ಳೆಯ ವಾದ. ಈಗಲೂ ನನ್ನ ಬಳಿಯೇ ಇದೆ. ಅಜ್ಜಿ ಚೊಂಬಿನ ಹಾಲನ್ನು ನಿಧಾನವಾಗಿ ಎರೆದಳು, ಹುತ್ತವನ್ನೊಮ್ಮೆ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೇಳಿದಳು:

"ಇದನ್ನೂ ಎತ್ತಿ ತಿರುಗಿಸಬೇಕೇನೇ ಪುಟ್ಟಿ, ಒಳಗೆಲ್ಲ ಹರಡಾಕ?"

ನಾನು ನೆರಳು ಬೀಳದ ಹಾಗೆ ಪಕ್ಕಕ್ಕೆ ಸರಿದು ನಿಂತೆ.