ನನ್ನ ಬ್ಯಾಂಡು, ಅವನ ಬ್ಯಾಂಡು

ಜನರ ಸ್ನೇಹ ಆಸ್ತಿಗೆ ಮುರಿಯುತ್ತದೆ, ಎಲೆಕ್ಷನ್ನಿಗೆ ಮುರಿಯುತ್ತದೆ. ನನ್ನದು ಮುರಿದದ್ದು ತೊಂಬತ್ತರ ದಶಕದ ಬೆಸ್ಟ್ ರಾಕ್ ಬ್ಯಾಂಡ್ ಯಾವುದು ಅನ್ನುವುದಕ್ಕೆ. ಅದೂ ಚಿತ್ರದುರ್ಗದಲ್ಲಿ ಕೂತು, ಆ ಬ್ಯಾಂಡಿನವರ ಮುಖವನ್ನೂ ನೋಡದೆ. ಇಂಥವೆಲ್ಲ ನನಗೇ ಯಾಕೆ ಗಂಟು ಬೀಳುತ್ತವೋ ಕಾಣೆ.

ನಾವು ಮೂವರು. ನಾನು ದುರ್ಗದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು. ಇನ್ನೊಬ್ಬ ಹೊಳಲ್ಕೆರೆಯಲ್ಲಿ ಅಡಿಕೆ ಮಂಡಿ ನಡೆಸುವವನು. ಮೂರನೆಯವನು ಹಿರಿಯೂರಿನವನು, ತಾತನ ಕಾಲದಿಂದ ಹಾಸಿಗೆ ಹೊಲಿಯುವ ಮನೆ. ಕಾಲೇಜಿನಲ್ಲಿದ್ದಾಗ ನಮ್ಮದೂ ಒಂದು ಬ್ಯಾಂಡಿತ್ತು. ಡ್ರಮ್ಸು ನಾನು, ಗಿಟಾರು ಹೊಳಲ್ಕೆರೆಯವನು, ಕೀಬೋರ್ಡು ಹಿರಿಯೂರಿನವನು. ಹಾಡಲು ಯಾರಿಗೂ ಬರುತ್ತಿರಲಿಲ್ಲ, ಅದಕ್ಕೇ ಮೂವರೂ ಹಾಡುತ್ತಿದ್ದೆವು. ಈ ಇಬ್ಬರನ್ನು ಬಿಟ್ಟರೆ ನನಗೆ ಬೇರೆ ಸ್ನೇಹಿತರಿಲ್ಲ. ನನ್ನ ಬಾಯಿಗೆ ಹೆದರಿ ಉಳಿದವರೆಲ್ಲ ದೂರವೇ ಇದ್ದಾರೆ.

ಪಾಲುಪಟ್ಟಿ

ಹೊಳಲ್ಕೆರೆಯವನ ಮೆಚ್ಚಿನ ಬ್ಯಾಂಡು ಇಂಗ್ಲೆಂಡಿನದು, ಅಣ್ಣತಮ್ಮಂದಿರದು. ನನ್ನದು ಅಮೆರಿಕದ್ದು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಪಾರ್ಟಿ ಕಟ್ಟುತ್ತೀರಿ. ಹೋದ ವರ್ಷ ಒಂದು ಭಾನುವಾರ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಇದೇ ಮಾತು ಜೋರಾಯಿತು.

"ಅಣ್ಣ ಬಿಟ್ಟು ಹೋದ ಮ್ಯಾಲೆ ತಮ್ಮನ ಹತ್ರ ಏನೈತಲೇ?" ಅಂದೆ ನಾನು.

"ಮಾಡಿದ್ದೆಲ್ಲಾ ತಮ್ಮಾನೇ! ಅಣ್ಣ ಬರೀ ಹೆಸರಿಗೆ!" ಅಂತ ಅವನು ಟೇಬಲ್ ಗುದ್ದಿದ. ಚಟ್ನಿ ಚೆಲ್ಲಿತು.

ಹೋಟೆಲಿನ ಯಜಮಾನರು ಪಾಪ, ನೀರಿನ ಜಗ್ ಹಿಡಿದು ಓಡಿಬಂದರು. "ಸಮಾಧಾನ ಮಾಡ್ಕಳ್ರಿ. ಅಣ್ಣತಮ್ಮ ಇಬ್ರೂ ಈಗ ಎಲ್ಲವ್ರೆ?"

"ಇಂಗ್ಲೆಂಡ್‌ನಾಗೆ," ಅಂದ ಹಿರಿಯೂರಿನವನು.

"ಹಂಗಾರೆ ನೀವ್ಯಾಕ್ರಿ ಕಿತ್ತಾಡ್ತೀರಿ? ಅವರಿಂದ ಒಂದು ಪವರ್ ಆಫ್ ಅಟಾರ್ನಿ ತರಿಸ್ಕಂಡು ಭಾಗ ಮಾಡಿ ಮುಗಿಸ್ರಿ."

ನಾವಿಬ್ಬರು ನಕ್ಕೆವು. ಹೊಳಲ್ಕೆರೆಯವನು ನಗಲಿಲ್ಲ. ಅರ್ಧ ಟೀ ಬಿಟ್ಟು ಎದ್ದು ಹೋದವನು ಮತ್ತೆ ಆ ಹೋಟೆಲಿಗೆ ಬರಲಿಲ್ಲ, ನನ್ನ ಫೋನನ್ನೂ ಎತ್ತಲಿಲ್ಲ. ಯಜಮಾನರು ಮಾತ್ರ ಈಗಲೂ ನನ್ನನ್ನು ಕಂಡರೆ ದನಿ ತಗ್ಗಿಸಿ ಕೇಳುತ್ತಾರೆ: "ಇಂಗ್ಲೆಂಡಿನ ಪಾರ್ಟಿ ಸೈನ್ ಹಾಕಿದ್ರಾ?"

ಊಟದ ಪಂಕ್ತಿ

ಆಮೇಲೆ ಹೊಸದುರ್ಗದಲ್ಲಿ ಒಂದು ಮದುವೆ. ಮೂವರಿಗೂ ಕರೆ ಇತ್ತು. ಹಿರಿಯೂರಿನವನು ಹೇಗಾದರೂ ನಮ್ಮನ್ನು ಸೇರಿಸಬೇಕೆಂದು ಊಟಕ್ಕೆ ಒಂದೇ ಸಾಲಿನಲ್ಲಿ ಕೂರಿಸಿ, ಮಧ್ಯೆ ತಾನು ಕೂತ.

ನಾನೇ ಮೊದಲು ಬಾಯಿಬಿಟ್ಟೆ. "ಕೋಸಂಬರಿ ಚೆನ್ನಾಗೈತೆ ಅಂತ ಹೇಳು ಅವನಿಗೆ."

ಹಿರಿಯೂರಿನವನು ಆ ಕಡೆ ತಿರುಗಿ ಹೇಳಿ, ಈ ಕಡೆ ತಿರುಗಿದ. "ಉಪ್ಪು ಕಮ್ಮಿ ಅಂತೆ."

"ನಾಲಿಗೆ ಸರಿ ಇಲ್ಲದವನಿಗೆ ಹಂಗೇ ಅನ್ಸುತ್ತೆ ಅನ್ನು."

"ಕಿವಿ ಸರಿ ಇಲ್ಲದವರು ನಾಲಿಗೆ ಸುದ್ದಿ ಮಾತಾಡಬಾರದಂತೆ."

ಹೀಗೇ ಪಾಯಸದವರೆಗೂ ನಡೆಯಿತು. ಎಲೆ ತೆಗೆಯುವವರು ಬಂದಾಗ ಹಿರಿಯೂರಿನವನು ಇನ್ನೂ ಅನ್ನವನ್ನೇ ಮುಟ್ಟಿರಲಿಲ್ಲ. "ನಿಮ್ಮಿಬ್ರ ಸ್ನೇಹ ಉಳಿಸಾಕೆ ಹೋಗಿ ನಾನು ಉಪವಾಸ ಬಿದ್ದೆ ಕಣ್ರಲೇ," ಅಂತ ಎದ್ದ. ಪಾಪ, ತಿಂಗಳಿಡೀ ರೋಜಾ ಹಿಡಿದಿದ್ದವನು, ರಂಜಾನ್ ಮುಗಿದು ವಾರವೂ ಆಗಿರಲಿಲ್ಲ.

ಮೈಕ್ ಟೆಸ್ಟಿಂಗ್

ಇಷ್ಟು ಜಗಳ ಆಡುವವರು ಎಂಥ ಕಲಾವಿದರಿರಬೇಕು ಅಂತ ನಿಮಗೆ ಅನಿಸಬಹುದು. ನಮ್ಮ ಬ್ಯಾಂಡು ಜನರ ಮುಂದೆ ನಿಂತದ್ದು ಒಂದೇ ಸಲ, ಭರಮಸಾಗರದ ಗಣಪತಿ ಪೆಂಡಾಲಿನಲ್ಲಿ. ನನ್ನ ಬ್ಯಾಂಡಿನದೊಂದು ಹಾಡು, ಅವನ ಬ್ಯಾಂಡಿನದೊಂದು. ಕೈಗೆ ಬೊಬ್ಬೆ ಬರುವ ಹಾಗೆ ಬಾರಿಸಿದೆ. ಅವನು ಕಣ್ಣು ಮುಚ್ಚಿ, ತಲೆ ಕೊಡವಿ, ಗಿಟಾರಿನ ತಂತಿ ಹರಿಯುವ ತನಕ ನುಡಿಸಿದ. ಮುಗಿದ ಮೇಲೆ ಪೆಂಡಾಲಿನಲ್ಲಿ ಪೂರ್ತಿ ಮೌನ. ಜನ ಮೈಮರೆತಿದ್ದಾರೆ ಅಂದುಕೊಂಡೆವು.

ಕಮಿಟಿ ಅಧ್ಯಕ್ಷರು ಸ್ಟೇಜ್ ಹತ್ತಿ ನನ್ನ ಕಿವಿಯಲ್ಲಿ ಹೇಳಿದರು: "ಮೈಕ್ ಟೆಸ್ಟಿಂಗ್ ಸಾಕು ಮಾಡ್ರಿ. ಜನ ಆಗ್ಲೇ ಬಂದು ಕುಂತವ್ರೆ, ಕಾರ್ಯಕ್ರಮ ಶುರು ಮಾಡ್ರಿ."

ಡಿಫೆಕ್ಟ್ ಪೀಸು

ಮೊನ್ನೆ ನನ್ನ ಅಂಗಡಿಗೆ ಕಾಲೇಜು ಹುಡುಗಿಯೊಬ್ಬಳು ಬ್ಲೂಟೂತ್ ಸ್ಪೀಕರ್ ಕೊಳ್ಳಲು ಬಂದಳು. ಟೆಸ್ಟ್ ಮಾಡಲು ಫೋನಿನಲ್ಲಿ ಏನೋ ಹಾಡು ಹಾಕಿದಳು. ಕುಣಿಯುವ ಹಾಡು, ಕೀರಲು ದನಿ. ಎರಡನೇ ಸಾಲಿಗೆ ಗುರುತು ಸಿಕ್ಕಿತು. ಅದು ನನ್ನ ಬ್ಯಾಂಡಿನ ಹಾಡು. ಭರಮಸಾಗರದಲ್ಲಿ ಬಾರಿಸಿದ್ದು ಅದನ್ನೇ. ನನಗೆ ಗೊತ್ತಿದ್ದ ಆ ಹಾಡು ನಿಧಾನವಾಗಿ, ಭಾರವಾಗಿ, ಜಗತ್ತಿನ ದುಃಖವನ್ನೆಲ್ಲ ಹೊತ್ತುಕೊಂಡು ನಡೆಯುತ್ತಿತ್ತು. ಆ ಭಾರಕ್ಕೇ ನಾನು ಆ ಬ್ಯಾಂಡನ್ನು ಬೆಸ್ಟ್ ಅನ್ನುತ್ತಿದ್ದದ್ದು.

"ಈ ಪೀಸು ಸರಿ ಇಲ್ಲಮ್ಮ, ಸ್ಪೀಡಾಗಿ ಓಡ್ತೈತೆ," ಅಂತ ಬೇರೆ ಸ್ಪೀಕರ್ ತೆಗೆದೆ. ಅದರಲ್ಲೂ ಹಾಗೇ. ಅಂಗಡಿಯಲ್ಲಿದ್ದ ಸ್ಪೀಕರ್ ಡಬ್ಬ ಎಲ್ಲ ಬಿಚ್ಚಿದೆ. ಎಲ್ಲದರಲ್ಲೂ ಆ ದರಿದ್ರ ಕುಣಿತವೇ.

"ಅಂಕಲ್, ಒರಿಜಿನಲ್ಲೇ ಹಿಂಗೈತೆ," ಅಂದಳು.

"ನಂಗೆ ಹೇಳಾಕೆ ಬರಬೇಡ. ನೀನು ಹುಟ್ಟೋಕ್ ಮುಂಚಿಂದ ಕೇಳಿದೀನಿ. ಎಲ್ಲಾ ಡಿಫೆಕ್ಟ್ ಪೀಸು!"

"ಹಂಗಾರೆ ಬೇರೆ ಅಂಗಡೀಲಿ ತಗಂತೀನಿ," ಅಂತ ಹೋದಳು. ಬಾಗಿಲಲ್ಲಿದ್ದ ಇನ್ನಿಬ್ಬರು ಗಿರಾಕಿಗಳೂ ಅವಳ ಹಿಂದೆಯೇ ಹೋದರು.

ಹಿರಿಯೂರಿನವನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ನಾವು ಹಾಡು ಕಲಿತದ್ದು ಅವರ ಹಾಸಿಗೆ ಅಂಗಡಿಯ ಟೇಪ್‌ರೆಕಾರ್ಡರಿನಲ್ಲಿ. ಅದರ ಮುಂದೆ ಇನ್ನೊಂದು ಟೇಪ್ ಇಟ್ಟು ಕಾಪಿ ಮಾಡಿಕೊಂಡ ಕ್ಯಾಸೆಟ್ಟೇ ನಮಗೆ ಕೊನೆಯವರೆಗೂ ಗತಿ. ಅದು ಹರಿದ ಮೇಲೆ ನಾನು ತಲೆಯಲ್ಲೇ ಕೇಳಿಕೊಂಡು ಬದುಕಿದವನು.

ಅವನು ಅಂದ: "ನಮ್ಮಪ್ಪ ಪಕ್ಕದಾಗೇ ಹತ್ತಿ ಬಡೀತಿದ್ದ ಕಣೋ. ಹತ್ತಿ ಹೋಗಿ ಮೋಟಾರಿಗೆ ಸುತ್ಕಂಡು ಟೇಪು ಎಳೀತಿತ್ತು, ಹಾಡೆಲ್ಲ ನಿಧಾನ ಆಗ್ತಿತ್ತು. ಇಷ್ಟು ವರ್ಷ ನೀನು ಬೆಸ್ಟ್ ಅಂತ ಹೊಗಳಿದ್ದು ನಮ್ಮಪ್ಪನ ಹತ್ತೀನ."

ತೀರ್ಪು

ರಾತ್ರಿ ಊಟ ಸೇರಲಿಲ್ಲ. ಹೊಳಲ್ಕೆರೆಯವನೂ ಕಲಿತದ್ದು ಅದೇ ಟೇಪಿನಿಂದ. ಅಂದರೆ ಅವನ ಬ್ಯಾಂಡೂ ಹೋಯಿತು. ಆಡಿದ ಜಗಳಕ್ಕೆ ಬುಡವೇ ಇಲ್ಲ ಅಂತ ತೋರಿಸಿದರೆ ಮತ್ತೆ ಮಾತಾಡುತ್ತಾನೆ ಅನ್ನುವ ಆಸೆಯಿಂದ ಬೆಳಿಗ್ಗೆಯೇ ಹೊಳಲ್ಕೆರೆ ಬಸ್ ಹತ್ತಿದೆ.

ಮಂಡಿಯಲ್ಲಿ ಚೀಲಗಳ ಮಧ್ಯೆ ಕೂತಿದ್ದ. "ಬರ್ರಿ, ಕುಂತ್ಕಳ್ರಿ," ಅಂದ, ಯಾರೋ ಅಡಿಕೆ ಮಾರಲು ಬಂದವರಿಗೆ ಅನ್ನುವ ಹಾಗೆ.  ನಾನು ಫೋನಿನಲ್ಲಿ ಮೊದಲು ನನ್ನ ಬ್ಯಾಂಡಿನ ಹಾಡು ಹಾಕಿದೆ, ಆಮೇಲೆ ಅವನ ಬ್ಯಾಂಡಿನದು. ಹತ್ತಿಯ ಕತೆಯನ್ನೂ ಹೇಳಿದೆ.

ಅವನ ಮುಖ ಬಾಡಿತು. ಬಹಳ ಹೊತ್ತು ಚೀಲದ ದಾರ ಎಳೆಯುತ್ತಾ ಕೂತ. ಆಮೇಲೆ ಕಣ್ಣೊರೆಸಿಕೊಂಡು, "ಲೇ," ಅಂದ. ಆ ಒಂದು ಮಾತಿಗೆ ನನಗೆ ಹೋದ ಜೀವ ಬಂತು. "ಲೇ, ಅವ್ರ್ಯಾರಿಗೂ ಆ ಹಾಡು ಬಾರ್ಸಾಕೆ ಬರಲ್ಲ ಕಣಲೇ. ಅದನ್ನ ಹೆಂಗೆ ಬಾರಿಸ್ಬೇಕೋ ಹಂಗೆ ಬಾರಿಸಿದ್ದು ನಾವೊಬ್ರೇ. ಆ ಕಾಲದ ಬೆಸ್ಟ್ ಬ್ಯಾಂಡ್ ನಮ್ದೇ."

"ಹೌದು ಕಣಲೇ!" ಅಂದೆ. ಜೀವನದಲ್ಲಿ ಮೊದಲ ಸಲ ಇಬ್ಬರ ಮಾತೂ ಒಂದಾಗಿತ್ತು. ಟೀ ಬಂತು, ಮಂಡಕ್ಕಿ ಮೆಣಸಿನಕಾಯಿ ಬಂತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅಷ್ಟಕ್ಕೆ ಎದ್ದು ಬಂದಿದ್ದರೆ ಚೆನ್ನಾಗಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ನಮ್ಮ ಬ್ಯಾಂಡ್ ನಿಂತಿದ್ದೇ ನನ್ನ ಡ್ರಮ್ಸ್ ಮ್ಯಾಲೆ, ಅಲ್ವೇನಲೇ?" ಅಂದೆ.

ಅವನು ಟೀ ಲೋಟ ಕೆಳಗಿಟ್ಟ.

ಬಸ್ಸು ಚಿತ್ರದುರ್ಗ ಮುಟ್ಟುವಷ್ಟರಲ್ಲಿ ನನ್ನ ನಂಬರ್ ಬ್ಲಾಕ್ ಆಗಿತ್ತು.